ಷೇಕ್ಸ್‌ಪಿಯರನನ್ನು ಉಳಿಸಿದವರ ಹೆಸರನ್ನೂ ಹೇಳಿ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳಿಗೆ ಪದವಿ ತರಗತಿಯಲ್ಲಿ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ಪಠ್ಯ. ಮೊನ್ನೆ ಸಂಜೆ ಪ್ರಾಸ್ಪೆರೋ ಆಡುವ ಮಾತನ್ನು ಓದಿ, ನನಗಾಗಿ ಕನ್ನಡದಲ್ಲಿ ಹೇಳಿದಳು: ಮುಗಿಲು ಮುಟ್ಟುವ ಗೋಪುರ, ಅರಮನೆ, ಗುಡಿ, ಕಡೆಗೆ ಈ ಭೂಮಂಡಲವೂ ಕರಗಿಹೋಗುತ್ತದೆ, ಮೋಡದ ಒಂದೆಳೆಯೂ ಹಿಂದೆ ಉಳಿಯುವುದಿಲ್ಲ.

ನಾನು 31 ವರ್ಷ ಗದಗಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸಿದವನು. ಆ ಮಾತು ಕೇಳುತ್ತಿದ್ದಂತೆ ನನ್ನ ಕಣ್ಣಮುಂದೆ ಬಂದದ್ದು ಮೊಳೆಯ ಕೇಸು, ಅಂದರೆ ಅಕ್ಷರಕ್ಕೊಂದು ಮನೆಯಿರುವ ಪೆಟ್ಟಿಗೆ. ಹಗಲೆಲ್ಲ ಒಂದೊಂದೇ ಅಕ್ಷರ ಆರಿಸಿ, ಒತ್ತು ದೀರ್ಘ ಸೇರಿಸಿ ಪುಟ ಕಟ್ಟುತ್ತಿದ್ದೆವು. ಅಚ್ಚಾದ ಮೇಲೆ ಅದೇ ಪುಟವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಅಕ್ಷರಗಳನ್ನು ಅವುಗಳ ಮನೆಗಳಿಗೆ ಹಾಕುತ್ತಿದ್ದೆವು. ಮದುವೆಯ ಕರೆಯೋಲೆಯಲ್ಲಿದ್ದ ‘ಶ್ರೀ’ ಮರುದಿನ ಶಿವಗಣಾರಾಧನೆಯ ಪತ್ರಿಕೆಗೆ ಹೋಗುತ್ತಿತ್ತು.

ಷೇಕ್ಸ್‌ಪಿಯರನ ನಾಟಕಗಳ ಸಂಗ್ರಹವನ್ನು ಅಚ್ಚುಹಾಕಿದ ಲಂಡನ್ನಿನ ಜಗಾರ್ಡ್ ಮುದ್ರಣಾಲಯದಲ್ಲಿಯೂ ಇದೇ ಕೆಲಸ ನಡೆದಿತ್ತು. ಷೇಕ್ಸ್‌ಪಿಯರ್ 1616ರಲ್ಲಿ ತೀರಿಕೊಂಡಾಗ ಅವನ ನಾಟಕಗಳಲ್ಲಿ ಸುಮಾರು ಅರ್ಧದಷ್ಟು ಅಚ್ಚೇ ಆಗಿರಲಿಲ್ಲ. ಅವನೊಂದಿಗೆ ಒಂದೇ ಮಂಡಳಿಯಲ್ಲಿ ರಂಗವೇರಿದ್ದ ಜಾನ್ ಹೆಮಿಂಗ್ಸ್, ಹೆನ್ರಿ ಕಾಂಡೆಲ್ ಎಂಬ ಇಬ್ಬರು ನಟರು ಪ್ರತಿಗಳನ್ನು ಕೂಡಿಸಿ, 36 ನಾಟಕಗಳ ದೊಡ್ಡ ಪುಸ್ತಕವನ್ನು 1623ರಲ್ಲಿ ಹೊರತಂದರು. ಉಂಗುರ ಕೊಂಡುಕೊಳ್ಳಲೆಂದು ಷೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ಇವರಿಗೆ ತಲಾ 26 ಷಿಲಿಂಗ್ 8 ಪೆನ್ಸ್ ಬರೆದಿಟ್ಟಿದ್ದ. ಲಾಭಕ್ಕಲ್ಲ, ಕೀರ್ತಿಗಲ್ಲ, ಗೆಳೆಯನ ನೆನಪು ಉಳಿಯಲೆಂದು ಇದನ್ನು ಮಾಡಿದೆವು ಎಂದು ಅವರು ಪುಸ್ತಕದ ಆರಂಭದಲ್ಲಿ ಬರೆದರು. ‘ಮ್ಯಾಕ್‌ಬೆತ್’, ‘ಜೂಲಿಯಸ್ ಸೀಸರ್’ ಸೇರಿ 18 ನಾಟಕಗಳು ಮೊದಲ ಬಾರಿ ಅಚ್ಚು ಕಂಡದ್ದು ಅದರಲ್ಲಿ. ಎಲ್ಲವೂ ಕರಗುತ್ತದೆ ಎನ್ನುವ ‘ಟೆಂಪೆಸ್ಟ್’ ಕೂಡ ಅವುಗಳಲ್ಲೊಂದು. ಅವನು ಕೊನೆಕೊನೆಗೆ ಬರೆದ ಆ ನಾಟಕವನ್ನೇ ಪುಸ್ತಕದ ಮೊದಲಿಗೆ ಇಟ್ಟರು. ಆ ಹಾಳೆಗಳು ಅಚ್ಚಾಗದೇ ಹೋಗಿದ್ದರೆ ‘ಟೆಂಪೆಸ್ಟ್’ ಆಧರಿಸಿದ ನಮ್ಮ ಕುವೆಂಪು ಅವರ ‘ಬಿರುಗಾಳಿ’ ನಾಟಕ ಎಲ್ಲಿಂದ ಬರಬೇಕಿತ್ತು?

ಆ ಪುಸ್ತಕಕ್ಕೆ ಮೊಳೆ ಜೋಡಿಸಿದವರ ವಿಷಯ ನನ್ನನ್ನು ಇನ್ನೂ ಹೆಚ್ಚು ಕಲಕುತ್ತದೆ. ಒಬ್ಬೊಬ್ಬರು ಪದಗಳ ಕಾಗುಣಿತ ಹಾಕುತ್ತಿದ್ದ ರೀತಿ, ಮುಕ್ಕಾದ ಅದೇ ಮೊಳೆ ಬೇರೆ ಬೇರೆ ಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು, ಇವುಗಳ ಜಾಡು ಹಿಡಿದು ವಿದ್ವಾಂಸರು ಅವರನ್ನು ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಎ, ಬಿ, ಸಿ ಎಂದು ಕರೆಯುತ್ತಾರೆ. ಬದುಕೆಲ್ಲ ಅಕ್ಷರ ಜೋಡಿಸಿದವರಿಗೆ ಒಂದೊಂದು ಅಕ್ಷರವೇ ಹೆಸರಾಯಿತು.

ಮೊಮ್ಮಗಳ ಪಠ್ಯದಲ್ಲಿ ಪ್ರಾಸ್ಪೆರೋನ ವಿದಾಯವೆಂದರೆ ಕವಿಯ ವಿದಾಯವೇ ಎಂಬ ಬಗ್ಗೆ ಎರಡು ಪುಟಗಳ ಟಿಪ್ಪಣಿಯಿದೆ. ಹೆಮಿಂಗ್ಸ್, ಕಾಂಡೆಲ್, ಮೊಳೆ ಜೋಡಿಸಿದವರ ಬಗ್ಗೆ ಒಂದು ಸಾಲೂ ಇಲ್ಲ. ಇದು ನನಗೆ ನೋವು ತಂದಿದೆ. ಆ ಎರಡು ಹೆಸರುಗಳನ್ನು ಅವಳ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಪಠ್ಯ ರೂಪಿಸುವವರು ಮುಂದಿನ ಮುದ್ರಣದಲ್ಲಿ ಅವನ್ನು ಅಚ್ಚು ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಕಂಪೋಜಿಟರ್, ಗದಗ