ಕೈಗಂಟಿಗೆ ಸೇರಿನ ಏಟು ಬೇಡ ಮಾರಾಯ

ಪ್ರೀತಿಯ ಕುಳ್ಳಾ,

ನೀನು ಕಳಿಸಿದ ನಿನ್ನ ಮಣಿಕಟ್ಟಿನ ಗಂಟಿನ ಫೋಟೋ ನೋಡಿದೆ. "ನಿಂದು ಐದು ನಿಮಿಷದಲ್ಲಿ ಸೂಜಿ ಹಾಕಿ ತೆಗೆದರಲ್ಲ, ನಾನೂ ಇಲ್ಲೇ ಯಾರ ಹತ್ರನಾದ್ರೂ ತೆಗೆಸಿಬಿಡ್ತೀನಿ" ಅಂತ ಬರೆದಿದ್ದೀಯ. ಅದನ್ನು ಓದಿಯೇ ಈ ಪತ್ರ ಬರೆಯಲು ಕೂತೆ. ಫೋನಾದರೆ ನೀನು ಅರ್ಧಕ್ಕೇ "ಸರಿ ಸರಿ" ಅಂದು ಇಟ್ಟುಬಿಡುತ್ತೀಯ.

ನನಗೆ ಬಂದದ್ದು ಎರಡು ವರ್ಷದ ಹಿಂದೆ, ಕಾಫಿ ಕೊಯ್ಲಿನ ಹೊತ್ತಿಗೆ. ಬಲಗೈ ಮಣಿಕಟ್ಟಿನ ಮೇಲ್ಗಡೆ ಬಟಾಣಿಯಷ್ಟು ಉಬ್ಬಿತು. ಒಂದು ತಿಂಗಳಲ್ಲಿ ನಿಂಬೆಕಾಯಿಯ ಅರ್ಧದಷ್ಟಾಯಿತು. ಅಮ್ಮ ನೋಡಿದವಳೇ "ನರದ ಗಂಟು" ಅಂದಳು. ದೊಡ್ಡಪ್ಪ ಒಳಗೆ ಹೋಗಿ ಹಿತ್ತಾಳೆ ಸೇರು ತಂದ. "ಕೈ ಜಗಲಿ ಮೇಲೆ ಇಡು, ಒಂದೇ ಏಟು, ಕರಗಿ ಹೋಗುತ್ತೆ." ನಾನು ಇಟ್ಟೆ ಕಣೋ, ದಡ್ಡ! ಗಂಟು ಮಾತ್ರ ಹಾಗೇ ಉಳಿಯಿತು. ಕೈ ಊದಿ ಹತ್ತು ದಿನ ಕುಕ್ಕೆ ಹಿಡಿಯಲಾಗಲಿಲ್ಲ. ಇದು ನಮ್ಮೂರಿನ ಬುದ್ಧಿ ಮಾತ್ರ ಅಂದುಕೊಳ್ಳಬೇಡ. ಇಂಗ್ಲಿಷಿನವರು ಇದಕ್ಕೆ ಬೈಬಲ್ ಗಂಟು ಅಂತ ಹೆಸರಿಟ್ಟಿದ್ದರು. ಅವರ ಮನೆಯಲ್ಲಿದ್ದ ಭಾರದ ಪುಸ್ತಕ ಅದು, ಅದರಲ್ಲೇ ಬಡಿಯುತ್ತಿದ್ದರು. ಬಡಿದರೆ ಕೆಲವು ಸಲ ಚೀಲ ಒಡೆಯುವುದೂ ಉಂಟು, ಆದರೆ ಮತ್ತೆ ತುಂಬಿಕೊಳ್ಳುತ್ತದೆ. ಜೊತೆಗೆ ಮೂಳೆ ಬಿರಿದರೆ ಅದು ಬೇರೆ ಖರ್ಚು.

ಆಮೇಲೆ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ರೂಮಿನ ಲೈಟ್ ಆರಿಸಿ ಒಂದು ಸಣ್ಣ ಟಾರ್ಚನ್ನು ಗಂಟಿನ ಪಕ್ಕಕ್ಕೆ ಒತ್ತಿ ಹಿಡಿದರು. ಗಂಟು ಇಡೀ ಒಳಗಿಂದ ಕೆಂಪಗೆ ಬೆಳಗಿತು. "ಬೆಳಕು ಹಾಯ್ತಾ ಇದೆ ಅಂದ್ರೆ ಒಳಗಿರೋದು ನೀರು, ಗಟ್ಟಿ ಗಡ್ಡೆ ಅಲ್ಲ" ಅಂದರು. ಹೆಸರು ಗ್ಯಾಂಗ್ಲಿಯಾನ್. ಗ್ರೀಕ್ ಭಾಷೆಯಲ್ಲಿ ಅದಕ್ಕೂ ಗಂಟು ಅಂತಲೇ ಅರ್ಥವಂತೆ. ನರಗಳ ಗೊಂಚಲಿಗೂ ಡಾಕ್ಟರುಗಳು ಇದೇ ಹೆಸರು ಹೇಳುತ್ತಾರೆ, ಆದ್ದರಿಂದ ಅಮ್ಮನನ್ನು ಬೈಯುವ ಹಾಗಿಲ್ಲ. ಆದರೆ ಈ ಗಂಟು ಹುಟ್ಟುವುದು ನರದಿಂದಲ್ಲ. ಕೀಲಿನ ಹೊದಿಕೆಯಿಂದಲೋ ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ) ಹೊದಿಕೆಯಿಂದಲೋ ಒಂದು ಸಣ್ಣ ಚೀಲ ಹೊರಗೆ ಉಬ್ಬುತ್ತದೆ, ಅದರಲ್ಲಿ ಲೋಳೆ ತುಂಬಿಕೊಳ್ಳುತ್ತದೆ. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. 20ರಿಂದ 40 ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ.

ಸೂಜಿ ಹಾಕಿ ಎಳೆದಾಗ ನಾನು ನೀರು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಅಂಟು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಆಗಷ್ಟೇ ಬಿದ್ದ ಕಾಫಿ ಬೀಜ ಕೈಯಲ್ಲಿ ಹಿಡಿದರೆ ಜಾರುತ್ತದಲ್ಲ, ಆ ಲೋಳೆಯೇ, ಆದರೆ ಗಾಜಿನ ಹಾಗೆ ತಿಳಿ. ದಪ್ಪ ಸೂಜಿಯಲ್ಲೂ ಎಳೆಯಲು ಡಾಕ್ಟರು ಹೆಣಗಿದರು. ನಿನಗೆ ನಾನು ಹೇಳಿದ್ದು ಇಷ್ಟೇ, ಅಲ್ವಾ? ಮುಂದಿನದು ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ ನೋಡಿದರೆ ಅದೇ ಜಾಗದಲ್ಲಿ ಮತ್ತೆ ಗಂಟು! ಸೂಜಿಯಲ್ಲಿ ತೆಗೆಸಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೀಗೇ ವಾಪಸ್ ಬರುತ್ತದೆ. ಚೀಲಕ್ಕೂ ಕೀಲಿಗೂ ನಡುವೆ ಒಂದು ತೊಟ್ಟು ಇರುತ್ತದೆ. ಸೂಜಿ ಲೋಳೆಯನ್ನು ತೆಗೆಯುತ್ತದೆ, ತೊಟ್ಟನ್ನಲ್ಲ. ಕಾಫಿ ಗಿಡದ ಕಳ್ಳಚಿಗುರನ್ನು ಮೇಲೆ ಮಾತ್ರ ಚಿವುಟಿದ ಹಾಗೆ, ಬುಡ ಉಳಿದರೆ ಮತ್ತೆ ಬರುತ್ತದೆ. ಆಪರೇಷನ್ ಮಾಡಿದರೆ ತೊಟ್ಟಿನ ಸಮೇತ ಬುಡದಿಂದ ತೆಗೆಯುತ್ತಾರೆ. ಆಗ ಮರಳುವುದು ಕಡಿಮೆ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಕೆಲವು ವಾರ ಕೆಲಸ ಬಿಡಬೇಕು, ಗಾಯದ ಗುರುತು ಉಳಿಯುತ್ತದೆ, ಮಣಿಕಟ್ಟು ಸ್ವಲ್ಪ ಬಿಗಿಯಾಗಬಹುದು. ನಾನು ಮಾಡಿಸಲಿಲ್ಲ. ನೋವಿಲ್ಲದಿದ್ದರೆ ಸುಮ್ನೆ ಬಿಡಬಹುದು, ಅರ್ಧದಷ್ಟು ಗಂಟುಗಳು ಕಾಲ ಕಳೆದಂತೆ ತಾವೇ ಇಳಿಯುತ್ತವೆ ಅಂದರು. ನನ್ನದು ಈಗ ಕಡಲೆಬೀಜದಷ್ಟಿದೆ. ಜಾಸ್ತಿ ಕೆಲಸ ಮಾಡಿದ ದಿನ ಉಬ್ಬುತ್ತದೆ, ಬಿಡುವು ಕೊಟ್ಟರೆ ಇಳಿಯುತ್ತದೆ.

ಈಗ ನಿನ್ನ ಕೈ. ನನ್ನದು ಮೇಲ್ಗಡೆ ಇತ್ತು. ನಿನ್ನದು ಅಂಗೈ ಕಡೆ, ಹೆಬ್ಬೆರಳಿನ ಬುಡದ ಹತ್ತಿರ. ಅದು ನಾಡಿ ನೋಡುವ ಜಾಗ ಕುಳ್ಳಾ! ಅಲ್ಲೇ ದೊಡ್ಡ ರಕ್ತನಾಳ ಹೋಗುತ್ತದೆ, ಎಷ್ಟೋ ಸಲ ಗಂಟಿಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ಯಾರೋ ಅಂದಾಜಿನಲ್ಲಿ ಸೂಜಿ ಹಾಕುವುದು ಬೇಡ. ಗಂಟಿನ ಮೇಲೆ ಮೆತ್ತಗೆ ಬೆರಳಿಟ್ಟು ನೋಡು. ಗಂಟೇ ನಾಡಿಯಂತೆ ಮಿಡಿಯುತ್ತಿದ್ದರೆ ಅದು ಗ್ಯಾಂಗ್ಲಿಯಾನ್ ಅಲ್ಲದೆಯೂ ಇರಬಹುದು. ಮೊದಲು ಸ್ಕ್ಯಾನಿಂಗ್ ಆಗಲಿ. ಒಳಗೆ ಲೋಳೆಯೋ ರಕ್ತವೋ, ರಕ್ತನಾಳ ಎಷ್ಟು ಹತ್ತಿರ ಇದೆ ಎಂದು ಅದರಲ್ಲಿ ಕಾಣುತ್ತದೆ. ಬೆರಳು ಜೋಮು ಹಿಡಿಯುತ್ತಿದೆಯಾ, ಹಿಡಿತ ಸಡಿಲವಾಗಿದೆಯಾ, ಅದನ್ನೂ ಡಾಕ್ಟರಿಗೆ ಹೇಳು. ಗಂಟು ಕೆಂಪಾಗಿ ಬಿಸಿಯಾದರೆ, ಬೇಗ ಬೇಗ ಬೆಳೆದರೆ ನನಗೆ ಕಾಯಬೇಡ, ಅವತ್ತೇ ಹೋಗು.

ಸ್ಪ್ಯಾನರ್ ತಿರುಗಿಸುವಾಗ ನೋವು ಅಂದೆಯಲ್ಲ, ಮೆಡಿಕಲ್ ಶಾಪಿನಲ್ಲಿ ಮಣಿಕಟ್ಟಿಗೆ ಹಾಕುವ ಪಟ್ಟಿ ಸಿಗುತ್ತದೆ. ಕೆಲಸದ ಹೊತ್ತಿನಲ್ಲಿ ಹಾಕಿಕೋ, ರಾತ್ರಿ ಬಿಚ್ಚು. ದಿನವಿಡೀ ತಿಂಗಳುಗಟ್ಟಲೆ ಹಾಕಿದರೆ ಕೈಯ ಶಕ್ತಿ ಕುಂದುತ್ತದೆ.

ಮುಂದಿನ ವಾರ ಮೋಟರಿನ ಕೇಬಲ್ ತರಲು ಹಾಸನಕ್ಕೆ ಬರ್ತೀನಿ. ಬೆಳಿಗ್ಗೆ ಮೂಡಿಗೆರೆಯಿಂದ ಮೊದಲ ಬಸ್ಸಿಗೇ ಹೊರಟು ನೇರ ನಿನ್ನ ಗ್ಯಾರೇಜಿಗೆ ಬರ್ತೀನಿ, ಇಬ್ಬರೂ ಹೋಗಿ ತೋರಿಸೋಣ. ಅಲ್ಲಿಯವರೆಗೆ ಬಿಗಿ ನಟ್ಟುಗಳನ್ನೆಲ್ಲ ಹುಡುಗನ ಕೈಲಿ ಬಿಚ್ಚಿಸು.

ನಿನ್ನ,
ತೋಟದ ಗೆಳೆಯ