ಕೊಳ್ಳಿದೆವ್ವ ತಂದ ಮೀನು

ಗೆಳೆಯಾ,

ಆಗುಂಬೆ ಕಾಡಲ್ಲಿ ನಿಜವಾಗ್ಲೂ ದೆವ್ವ ಇವೆಯಾ ಅಂತ ಮೊನ್ನೆ ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಕತೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಚೌಡಿ, ಭೂತಪ್ಪನನ್ನು ದೆವ್ವದ ಲೆಕ್ಕಕ್ಕೆ ಸೇರಿಸಬೇಡ, ನಮ್ಮವರ ಎದುರು ಹಾಗಂದರೆ ಬೈಸಿಕೊಳ್ಳುತ್ತೀಯ. ಅವರು ಕಾವಲಿಗಿರುವ ದೈವಗಳು. ಮೇಯಲು ಹೋದ ದನ ಸಂಜೆ ಕೊಟ್ಟಿಗೆಗೆ ಬರದಿದ್ದರೆ ಭೂತಪ್ಪನಿಗೊಂದು ಕಾಯಿ ಹೇಳಿಕೊಂಡು ಮಲಗುವುದು ಇಲ್ಲಿನ ರೂಢಿ.

ನಮ್ಮನ್ನು ಹೆದರಿಸುತ್ತಿದ್ದದ್ದು ಕೊಳ್ಳಿದೆವ್ವ. ಮಳೆಗಾಲ ಹಿಡಿಯುತ್ತಿದ್ದ ಹಾಗೇ ಅದು ಬೆಂಕಿ ಹಿಡಿದು ಹಳ್ಳದ ದಂಡೆಯಲ್ಲಿ ಓಡಾಡುತ್ತೆ, ಒಂದಿದ್ದದ್ದು ಎರಡಾಗುತ್ತೆ, ಕೂಗಿ ಕರೆದರೆ ಪಟ್ಟನೆ ಆರಿಹೋಗುತ್ತೆ ಅಂತ ಅಜ್ಜಿ ಹೇಳುತ್ತಿದ್ದಳು. ಜೌಗು ನೆಲದಿಂದೇಳುವ ಗ್ಯಾಸ್ ಅಂದರು ಶಾಲೆಯಲ್ಲಿ. ಕೊನೆಗೆ ಬಾಯಿ ಬಿಟ್ಟವನು ನಮ್ಮ ಮಾವ. ಮೊದಲ ಮಳೆಗೆ ಮೀನು ಮೊಟ್ಟೆಯಿಡಲು ಹಳ್ಳದಿಂದ ಗದ್ದೆ ಕಡೆ ಹತ್ತುತ್ತವಲ್ಲ, ಹತ್ತುಮೀನು, ಅದನ್ನು ಕಡಿಯಲು ಇವರು ದೊಂದಿ, ಕತ್ತಿ ಹಿಡಿದು ರಾತ್ರಿ ಹೋಗುತ್ತಿದ್ದರಂತೆ. ಜಾಗ ಗೊತ್ತಾದರೆ ಊರೇ ಬಂದು ನಿಲ್ಲುತ್ತೆ. ಹಾಗಾಗಿ ಯಾರಾದರೂ ಕೂಗಿದರೆ ದೊಂದಿ ಸೀದಾ ನೀರಿಗೆ! ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ನೋಡು. ಮರುದಿನ ಸಾರು ಮಾಡುತ್ತಿದ್ದದ್ದೂ ಅವಳೇ, ಗೊತ್ತಿದ್ದೂ ಸುಮ್ನಿದ್ದಳೋ ಏನೋ.

'ತಣ್ಣನೆ ಬೆಂಕಿ' ಅಂತ ಇನ್ನೊಂದು ಹೇಳುತ್ತಿದ್ದಳು. ಅದನ್ನು ನಾನೇ ನೋಡಿದ್ದೇನೆ. ಜೋರು ಮಳೆಯ ತಿಂಗಳಲ್ಲಿ ಕೊಳೆತ ಮರಕ್ಕೆ ಹಿಡಿದ ಅಣಬೆ ಹಸಿರಾಗಿ ಹೊಳೆಯುತ್ತೆ. ಟಾರ್ಚ್ ಆರಿಸಿ ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಯಬೇಕು. ಮುಟ್ಟಿದರೆ ಬಿಸಿಯೇ ಇಲ್ಲ. ಫೋಟೋಗಳಲ್ಲಿ ತೋರಿಸುವಷ್ಟು ಜೋರು ಬೆಳಕೇನೂ ಇರಲ್ಲ ಬಿಡು.

ನಾನು ನಿಜವಾಗಿ ನಡುಗಿದ್ದು ಒಂದೇ ಸಲ. ನಡುರಾತ್ರಿ ಯಾರೋ ಹೆಂಗಸಿನ ಕತ್ತು ಹಿಸುಕಿದ ಹಾಗೆ ಕಿರುಚಾಟ. ಅದು ಎರಡಡಿ ಎತ್ತರದ ದೊಡ್ಡ ಕಾಡುಗೂಬೆಯ ಕೂಗಂತೆ. ಶ್ರೀಲಂಕಾದವರು ಉಲಮಾ ಎನ್ನುವ ದೆವ್ವದ ಹಕ್ಕಿಯೂ ಇದೇ ಅಂತ ಹಲವರ ಲೆಕ್ಕ. ಗೂಬೆ ಅಂತ ತಿಳಿದದ್ದು ಬೆಳಿಗ್ಗೆ, ಅಷ್ಟರಲ್ಲಿ ಭೂತಪ್ಪನಿಗೆ ಒಂದಲ್ಲ, ಮೂರು ಕಾಯಿ ಹೇಳಿಕೊಂಡಾಗಿತ್ತು.

ಜೂನಿನಲ್ಲಿ ಬಾ. ಹಳ್ಳದಾಚೆ ಬೆಳಕು ಕಂಡರೆ ಮಾತ್ರ ಕೂಗಬೇಡ ಮಾರಾಯ, ಊಟಕ್ಕೆ ಮೀನಿರಲ್ಲ.

ನಿನ್ನವ