ಸಂತೈಸಲು ಬಂದವರಿಗೆ

ತಮ್ಮ ತೀರಿಕೊಂಡು ಬರುವ ಭಾನುವಾರಕ್ಕೆ ಒಂದು ವರ್ಷ. ಆರಾಧನೆಯ ನಂತರ ಎದ್ದು ನಿಂತು ನಾಲ್ಕು ಮಾತು ಹೇಳುವ ಧೈರ್ಯ ನನಗಿಲ್ಲ; ಅಮ್ಮನಿಂದಂತೂ ಆಗುವುದೇ ಇಲ್ಲ. ಹಾಗಾಗಿ ಮನೆಯವರೆಲ್ಲರ ಪರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಭೆಯ ಮನೆಕೂಟಗಳಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ಅಧ್ಯಾಯ ಬಿಡದೆ ಓದುವ ಪದ್ಧತಿ ನಿಮಗೆ ಗೊತ್ತೇ ಇದೆ. ನಮ್ಮ ಮನೆಯ ಸರದಿ ಬಂದಾಗ ಓದು ಹಳೆಯ ಒಡಂಬಡಿಕೆಯ ಒಂದನೆಯ ಪೂರ್ವಕಾಲವೃತ್ತಾಂತ ಎಂಬ ಪುಸ್ತಕಕ್ಕೆ ಬಂದಿತ್ತು. ಅದರ ಮೊದಲ 9 ಅಧ್ಯಾಯಗಳು ಹೆಚ್ಚುಕಡಿಮೆ ಪೂರ್ತಿ ವಂಶಾವಳಿ. ಸಾವಿನ ಮನೆಯಲ್ಲಿ ಇದೇಕೆ, 23ನೆಯ ಕೀರ್ತನೆ ಓದೋಣ ಎಂದು ಯಾರೋ ಮೆಲ್ಲಗೆ ಅಂದರು. ನಮ್ಮ ಹಿರಿಯ ಮೇಷ್ಟ್ರು ಒಪ್ಪಲಿಲ್ಲ. ಕನ್ನಡಕ ಏರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತರಗತಿಯಲ್ಲಿ ಹಾಜರಿ ಕೂಗುವ ಹಾಗೆ ಒಂದೊಂದು ಹೆಸರನ್ನೂ ಓದುತ್ತ ಹೋದರು. ಏಳನೆಯ ಅಧ್ಯಾಯದ ನಡುವೆ ಅವರ ಬೆರಳು ನಿಂತಿತು.

ಅಲ್ಲಿ ಯೋಸೇಫನ ಮಗ ಎಫ್ರಾಯೀಮನ ಮಕ್ಕಳ ಸುದ್ದಿ ಬರುತ್ತದೆ. ದನಗಳ ವಿಷಯದಲ್ಲಿ ನಡೆದ ಜಗಳದಲ್ಲಿ ಗತ್ ಊರಿನವರು ಅವರನ್ನು ಕೊಂದರು. ತಂದೆ ಬಹಳ ದಿನ ದುಃಖಿಸಿದ. ಅವನ ಬಂಧುಗಳು ಸಂತೈಸಲು ಬಂದರು. ಇಷ್ಟೇ. ಆಮೇಲೆ ಬೆರೀಯ ಹುಟ್ಟುತ್ತಾನೆ, ಪಟ್ಟಿ ಮತ್ತೆ ಸಾಗಿ ನೂನನ ಮಗನಾದ ಯೆಹೋಶುವನನ್ನು ಮುಟ್ಟುತ್ತದೆ. ಯಾರಿಗೆ ಯಾರು ಹುಟ್ಟಿದರು ಎಂದು ಹೇಳಿದರೆ ಸಾಕಾಗಿದ್ದ ಕಡೆ, ಅಳುತ್ತಿದ್ದವನ ಮನೆಗೆ ಜನ ಬಂದದ್ದನ್ನೂ ಬರೆದಿಟ್ಟಿದ್ದಾರೆ. ಹೆಸರುಗಳೇ ತುಂಬಿದ ಆ ಅಧ್ಯಾಯದಲ್ಲಿ ಬಂದವರ ಹೆಸರು ಮಾತ್ರ ಇಲ್ಲ. ಏನು ಹೇಳಿ ಸಮಾಧಾನ ಮಾಡಿದರು ಎಂಬುದೂ ಇಲ್ಲ.

ನಾನೂ ಹೆಸರು ಬರೆಯುವುದಿಲ್ಲ. ಬರೆದರೆ ಮುಜುಗರಪಡುವವರೇ ನಿಮ್ಮಲ್ಲಿ ಹೆಚ್ಚು. ಆಸ್ಪತ್ರೆಯ ಕಾಗದಪತ್ರಗಳಿಗೆ ನನ್ನ ಬದಲು ಸಾಲಿನಲ್ಲಿ ನಿಂತವರೇ, ಜಗಲಿಯಲ್ಲಿ ಬೆಳಗಿನ ತನಕ ಮಾತಿಲ್ಲದೆ ಕುಳಿತಿದ್ದವರೇ, ಉಪವಾಸದ ನಡುವೆಯೂ ನಮಗೆ ಗಂಜಿ ಕಾಯಿಸಿ ಕಳಿಸಿದ ಎದುರುಮನೆಯವರೇ, ನಿಮಗೆ ನಮ್ಮ ಕೃತಜ್ಞತೆ. ತಿಂಗಳುಗಳು ಕಳೆದ ಮೇಲೂ ಫೋನ್ ಮಾಡಿ ಅಮ್ಮ ಊಟ ಮಾಡಿದರೇ ಎಂದು ಕೇಳುತ್ತಿದ್ದವರಿಗೆ ಇನ್ನೂ ಒಂದು ಹಿಡಿ ಹೆಚ್ಚು.

ಸಭಾಪಾಲಕರಿಗೆ ಬೇರೆಯಾಗಿಯೇ ಹೇಳಬೇಕು. ತಮ್ಮನಿಗೆ ಮದುವೆಯಾಗಿರಲಿಲ್ಲ. ‘ಒಂದು ಕುಡಿಯನ್ನೂ ಬಿಟ್ಟುಹೋಗಲಿಲ್ಲವಲ್ಲ’ ಎಂದು ಕೆಲವರು ಮರುಗಿದ್ದು ಅಮ್ಮನ ಮನಸ್ಸಿನಲ್ಲಿ ಮುಳ್ಳಾಗಿ ಕುಳಿತಿತ್ತು. ಅಯ್ಯನವರು ಅದೇ ಪುಸ್ತಕದ ಎರಡನೆಯ ಅಧ್ಯಾಯ ತೆರೆದು ತೋರಿಸಿದರು. ದಾವೀದನ ಕುಲವಾದ ಯೆಹೂದದ ಪಟ್ಟಿಯಲ್ಲೇ ಸೆಲೆದ್ ಎಂಬವನು ಮಕ್ಕಳಿಲ್ಲದೆ ಸತ್ತನೆಂದಿದೆ. ಮುಂದೆ ಯೆತೆರ್ ಎಂಬವನೂ ಹಾಗೆಯೇ. ಅವರಿಂದ ಯಾರೂ ಹುಟ್ಟಲಿಲ್ಲ. ಅವರನ್ನು ಕೈಬಿಟ್ಟಿದ್ದರೆ ವಂಶದ ಎಳೆ ಕಡಿಯುತ್ತಿರಲಿಲ್ಲ. ಆದರೂ ಕೈಬಿಟ್ಟಿಲ್ಲ. ಅತ್ತ ಸುವಾರ್ತೆ ಬರೆದ ಮತ್ತಾಯನು ಯೇಸುವಿನ ವಂಶಾವಳಿಯನ್ನು ಹದಿನಾಲ್ಕು ಹದಿನಾಲ್ಕು ತಲೆಮಾರುಗಳಾಗಿ ಎಣಿಸುವಾಗ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನೇ ಬಿಟ್ಟಿದ್ದಾನೆ. ‘ಮತ್ತಾಯನ ಪಟ್ಟಿ ಯಾರಲ್ಲಿ ಮುಗಿಯುತ್ತದೆ ನೋಡಿ ಅಮ್ಮ, ಆತನಿಗೂ ಮಕ್ಕಳಿರಲಿಲ್ಲ’ ಎಂದರು ಅಯ್ಯನವರು. ಅಮ್ಮ ಏನೂ ಅನ್ನಲಿಲ್ಲ. ಮರುದಿನ ನೋಡಿದರೆ ಸೆಲೆದನ ಹೆಸರಿನ ಪಕ್ಕದಲ್ಲಿ ಪೆನ್ಸಿಲ್ ಗೆರೆ ಇತ್ತು.

ಮುಗಿಯದ ವಂಶಾವಳಿಗಳ ಗೀಳು ಹಿಡಿಸಿಕೊಳ್ಳಬೇಡಿ ಎಂಬ ಅಪೊಸ್ತಲ ಪೌಲನ ಎಚ್ಚರಿಕೆ ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿದೆ, ಬಲ್ಲೆ. ಹೆಸರುಗಳಲ್ಲಿ ಗುಪ್ತ ಸಂಕೇತ ಹುಡುಕುವವರ ಗೋಜಿಗೆ ನಾನಂತೂ ಹೋಗುವುದಿಲ್ಲ. ನಮಗೆ ಬೇಕಾದದ್ದು ಆ ಪುಟಗಳಲ್ಲಿ ಬರೆದಿರುವ ಹಾಗೆಯೇ ಸಿಕ್ಕಿತು.

ಭಾನುವಾರ ಸ್ಮರಣಾರಾಧನೆಯ ನಂತರ ಮನೆಯಲ್ಲೇ ಊಟ. ದಯವಿಟ್ಟು ಎಲ್ಲರೂ ಬನ್ನಿ. ಕಳೆದ ವರ್ಷ ಊಟ ತಂದುಕೊಟ್ಟ ಪಾತ್ರೆಗಳಲ್ಲಿ ಕೆಲವು ಇನ್ನೂ ನಮ್ಮ ಅಡುಗೆಮನೆಯಲ್ಲಿವೆ. ಯಾರದೆಂದು ತಿಳಿಯದೆ ಅಮ್ಮ ತೊಳೆದು ಜೋಡಿಸಿಟ್ಟಿದ್ದಾರೆ, ಹೋಗುವಾಗ ನಿಮ್ಮ ನಿಮ್ಮದನ್ನು ಗುರುತಿಸಿ ತೆಗೆದುಕೊಂಡು ಹೋಗಿ.